ಕಾರ್ಡಿನ ಕೊನೆಯ ಹಾಡು

2009ರಲ್ಲಿ ನಾನು ಡಿಗ್ರಿ ಮೊದಲ ವರ್ಷ. ಕಾಲೇಜು ಮುಗಿದ ಕೂಡಲೇ ಕುಮಟಾ ಬಸ್‌ಸ್ಟ್ಯಾಂಡ್ ಹತ್ತಿರವಿದ್ದ ಸೋದರಮಾವನ ಮೊಬೈಲ್ ಅಂಗಡಿಗೆ ಹೋಗಿ ಕೂರುತ್ತಿದ್ದೆ. ರಾತ್ರಿ ಎಂಟೂವರೆಯ ತನಕ ಕೆಲಸ. ರೀಚಾರ್ಜ್ ಮಾಡುವುದು, ಚಾರ್ಜರ್ ಮಾರುವುದು, ಮತ್ತೆ ಎಲ್ಲಕ್ಕಿಂತ ಜಾಸ್ತಿ, ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವುದು.

ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಎಲ್ಲರ ಕೈಯಲ್ಲೂ ಬಟನ್ ಫೋನು. ಇಂಟರ್ನೆಟ್ ಇದ್ದವರು ಕಡಿಮೆ. ಹಾಡು ಬೇಕೆಂದರೆ ಉಗುರಿನಷ್ಟು ದೊಡ್ಡ ಕಾರ್ಡು ತೆಗೆದು ನಮ್ಮ ಕೈಗೆ ಕೊಡುತ್ತಿದ್ದರು. ನಾವು ಅದನ್ನು ರೀಡರಿಗೆ ಹಾಕಿ, ಕಂಪ್ಯೂಟರಿನಿಂದ ಹಾಡು ಕಾಪಿ ಮಾಡಿ ಕೊಡುತ್ತಿದ್ದೆವು. 2 ಜಿಬಿ ಕಾರ್ಡಿಗೆ ಸುಮಾರು 400 ಹಾಡು ಹಿಡಿಯುತ್ತಿತ್ತು. ರಾಜ್‌ಕುಮಾರ್ ಹಳೇದು, ಹೊಸ ಸಿನಿಮಾದ್ದು, ಹಿಂದಿ, ಕೊಂಕಣಿ, ಯಕ್ಷಗಾನ, ಭಜನೆ. ಹೀಗೆ ಫೋಲ್ಡರ್ ಮಾಡಿಟ್ಟಿದ್ದೆವು. ಗಿರಾಕಿ ಬೆರಳು ತೋರಿಸಿದ್ದನ್ನು ಹಾಕುವುದಷ್ಟೇ ಕೆಲಸ.

ಆ ವರ್ಷ ಚೌತಿಗೆ ಊರಿಗೆ ಬಂದ ಗೆಳೆಯನೊಬ್ಬ ಪೆನ್ ಡ್ರೈವ್ ತಂದಿದ್ದ. ಅವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ‘ಇದರಲ್ಲಿ ಸಿನಿಮಾದ್ದು ಒಂದೂ ಇಲ್ಲ, ಕೇಳು’ ಎಂದ. ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಬ್ಯಾಂಡಿನ ಹಾಡುಗಳು. ಅದರಲ್ಲಿ ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಇತ್ತು.

ನಮ್ಮ ಮನೆಯಲ್ಲಿ ಆ ಪದ ಎಲ್ಲರಿಗೂ ಬಾಯಿಪಾಠ. ಅಪ್ಪನ ಹತ್ತಿರ ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟು ಇತ್ತು. ಟೇಪು ಸವೆದು ಧ್ವನಿ ಅಲ್ಲಲ್ಲಿ ತೇಲುತ್ತಿತ್ತು. ಆದರೂ ನನ್ನ ಕಿವಿಗೆ ಆ ಪದ ಎಂದರೆ ಆ ಧ್ವನಿಯೇ. ಹಾಗಾಗಿ ಗಿಟಾರು, ಡ್ರಮ್ಸ್ ಇಟ್ಟುಕೊಂಡು ಬೇರೆ ಯಾರೋ ಹಾಡಿದ್ದು ಕೇಳಿ ಸಿಟ್ಟೇ ಬಂತು. ಅರ್ಧಕ್ಕೆ ನಿಲ್ಲಿಸಿದೆ. ಎರಡನೇ ಸಲ ಕೇಳಿದ್ದು ಗೆಳೆಯನ ಒತ್ತಾಯಕ್ಕೆ. ಆಗಲೂ ಹಿಡಿಸಲಿಲ್ಲ.

ಮೂರನೇ ಸಲ ಕೇಳಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಬಿಡದೆ ಮಳೆ. ನಮ್ಮ ಮನೆಯ ಹೆಂಚು ಒಂದೆರಡು ಕಡೆ ಜಾರಿ ಜಗಲಿಯಲ್ಲಿ ನೀರು ಬೀಳುತ್ತಿತ್ತು. ಆಯಿ, ಅಂದರೆ ನನ್ನ ಅಮ್ಮ, ಎರಡು ಕೊಡಪಾನ, ಒಂದು ಪಾತೇಲಿ ಇಟ್ಟಿದ್ದಳು. ಮೂರಕ್ಕೂ ಬೇರೆ ಬೇರೆ ಸದ್ದು. ನಿದ್ದೆ ಬರದೆ ಇಯರ್‌ಫೋನ್ ಹಾಕಿಕೊಂಡೆ. ಕಿವಿಯೊಳಗೂ ಸೋರುವ ಮನೆ, ಹೊರಗೂ ಸೋರುವ ಮನೆ. ಶರೀಫರು ಹೇಳಿದ ಸೋರಿಕೆ ಹೆಂಚಿನದಲ್ಲ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದು ಅರ್ಥವಾಗಿ ಮೈ ಜುಮ್ಮೆಂದದ್ದು ಆವತ್ತು. ಹತ್ತೊಂಬತ್ತನೇ ಶತಮಾನದ ಪದ ನನ್ನ ವಯಸ್ಸಿನವರ ವಾದ್ಯದಲ್ಲಿ ಕೂತು, ನನ್ನ ಹೆಂಚಿನ ಕೆಳಗೆ ಬಂದಿತ್ತು.

ರಘು ದೀಕ್ಷಿತರ ಬ್ಯಾಂಡಿನ ಆ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಎಷ್ಟೋ ಕ್ಯಾಸೆಟ್ ಕಂಪನಿಗಳು ಬೇಡ ಎಂದ ಮೇಲೆ, ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಮುಂಬೈಯಲ್ಲಿ ಅವರನ್ನು ಕೇಳಿ, ತಮ್ಮದೇ ಸಣ್ಣ ಲೇಬಲ್ಲಿನಲ್ಲಿ ಹೊರತಂದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ. ಈ ಹಾಡು ಗೆಳೆಯನೊಬ್ಬ ಬಸ್ಸಿನಲ್ಲಿ ಜೇಬಿಗೆ ಹಾಕಿಕೊಂಡು ತರದಿದ್ದರೆ ನನಗೆ ಸಿಗುತ್ತಲೇ ಇರಲಿಲ್ಲ.

ಮರುದಿನದಿಂದ ಒಂದು ಕೆಲಸ ಶುರು ಮಾಡಿದೆ. ಕಾರ್ಡು ತುಂಬಿಸಲು ಬಂದವರಿಗೆಲ್ಲ, ಅವರು ಕೇಳಿದ ಹಾಡುಗಳನ್ನು ಹಾಕಿದ ಮೇಲೆ, ಕೊನೆಗೆ ಇದೊಂದನ್ನು ಸೇರಿಸಿ ಕೊಡುತ್ತಿದ್ದೆ. ಫೈಲಿನ ಹೆಸರಿನ ಮುಂದೆ ಇಂಗ್ಲಿಷಿನ ಕೊನೆಯ ಅಕ್ಷರ ಹಾಕುತ್ತಿದ್ದೆ. ಪಟ್ಟಿಯಲ್ಲಿ ಎಲ್ಲದರ ಕೆಳಗೆ ಬರಲಿ ಎಂದು. ಮೊದಲೇ ಬಂದರೆ ತಿರಸ್ಕಾರ ಜಾಸ್ತಿ. 400 ಹಾಡು ಕೇಳಿ ಮುಗಿಸಿದವರ ಕಿವಿ ಅಷ್ಟರಲ್ಲಿ ಮೆತ್ತಗಾಗಿರುತ್ತದೆ ಎಂದು ನನ್ನ ಲೆಕ್ಕ.

ಮಾವನಿಗೆ ಇದು ಸರಿ ಬರಲಿಲ್ಲ. ‘ಗಿರಾಕಿ ಕೇಳಿದ್ದು ಹಾಕು ಮಾಣಿ, ನಿಂದೆಂತಕ್ಕೆ ಅದರಲ್ಲಿ?’ ಎಂದ. ಅವನದು ತಪ್ಪಲ್ಲ. ಆದರೂ ನಾನು ಬಿಡಲಿಲ್ಲ.

ಎರಡು ತಿಂಗಳು ಯಾರೂ ಏನೂ ಹೇಳಲಿಲ್ಲ. ಒಬ್ಬರಿಬ್ಬರು ‘ಅದನ್ನು ಅಳಿಸಿ ಜಾಗ ಮಾಡು’ ಎಂದರು. ಆಮೇಲೆ ಒಂದು ಸಂಜೆ ತದಡಿ ಕಡೆಯ ಒಬ್ಬರು ಬಂದರು. ಮಲ್ಪೆಯ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವವರು. ಆಳ ಸಮುದ್ರಕ್ಕೆ ಹೋದರೆ ಎಂಟು ಹತ್ತು ದಿನ ದಡ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಕಾರ್ಡಿನಲ್ಲಿ ಇರುವುದೇ ರೇಡಿಯೋ. ಅವರು ಕೌಂಟರಿನ ಮೇಲೆ ಕೈ ಊರಿ ಕೇಳಿದರು.

‘ತಮ್ಮಾ, ಕಡೀಗೊಂದು ಹಾಡು ಇತ್ತಲ್ಲ, ಮನೆ ಸೋರೂದು. ಅದ್ಯಾರದ್ದು?’

ನಾನು ಹೇಳಿದೆ. ಅವರು ಹೆಸರನ್ನು ಒಂದು ಸಲ ಬಾಯಲ್ಲಿ ಹೇಳಿ ನೋಡಿದರು.

‘ನಮ್ಗೆ ಅದು ಮನೆ ಅಲ್ಲ, ಬೋಟು ಸೋರ್ದಂಗೆ ಕೇಳ್ತದೆ. ರಾತ್ರಿ ನಾ ಒಬ್ನೇ ಎದ್ದಿರ್ತೆ, ಚುಕ್ಕಾಣಿ ಹಿಡ್ಕಂಡಿ. ಆವಾಗ ಹಾಕ್ತೆ. ಅವ್ರದ್ದು ಇನ್ನೊಂದು ಇದ್ರೆ ಹಾಕ್ಕೊಡು.’

ಅಂಗಡಿಯಲ್ಲಿ ಆಗ ನಾಲ್ಕು ಜನ ಕಾಯುತ್ತಿದ್ದರು. ಮಾವ ಒಳಗಿನಿಂದ ನೋಡುತ್ತಿದ್ದ. ನಾನು ಆ ಬ್ಯಾಂಡಿನ ಎಲ್ಲ ಹಾಡನ್ನೂ ಹಾಕಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಮಾವ ಅದಕ್ಕೂ ಏನೂ ಹೇಳಲಿಲ್ಲ.

ಹೊಸ ಸಂಗೀತ ಹುಡುಕುವುದು, ಸಿಕ್ಕಿದ್ದನ್ನು ಇನ್ನೊಬ್ಬರಿಗೆ ತಲುಪಿಸುವುದು, ಇದು ಅಲ್ಲಿಂದ ಶುರುವಾದದ್ದು. ಇವತ್ತಿಗೂ ಬಿಟ್ಟಿಲ್ಲ. ಈಗ ಶಿರಸಿಯಲ್ಲಿ ಕೆಲಸ. ಮೆಮೊರಿ ಕಾರ್ಡು ಹೋಗಿ ವಾಟ್ಸಾಪ್ ಬಂದಿದೆ. ಆದರೆ ಆ ತಾಂಡೇಲರ ಹಾಗೆ ಒಬ್ಬರು ‘ಅದ್ಯಾರದ್ದು?’ ಎಂದು ಕೇಳಿದಾಗ ಆಗುವ ಸಂತೋಷ ಮಾತ್ರ ಅದೇ.

ಇದರ ಬೀಜ ಇನ್ನೂ ಹಿಂದೆ ಬಿದ್ದದ್ದಿರಬೇಕು. ನನ್ನ ಅಜ್ಜ ಯಕ್ಷಗಾನದ ಹುಚ್ಚಿನವ. ಹೊನ್ನಾವರದ ಕಡೆ ಎಲ್ಲಿ ಆಟ ಇದ್ದರೂ ಹೋಗುತ್ತಿದ್ದ. ಆಗ ರಾತ್ರಿಯಿಡೀ ಆಟ. ಜನ ಊಟ ಮಾಡಿಕೊಂಡು, ಒಂದು ನಿದ್ದೆ ತೆಗೆದು, ದೊಡ್ಡ ವೇಷ ರಂಗಕ್ಕೆ ಬರುವ ಹೊತ್ತಿಗೆ ಬಂದು ಕೂರುತ್ತಿದ್ದರು. ಅಜ್ಜ ಮಾತ್ರ ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆ ಆಗುವಾಗಲೇ ಅಲ್ಲಿರುತ್ತಿದ್ದ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ನೋಡಬೇಕು ಅವನಿಗೆ. ಅವನ್ನು ಮಾಡುತ್ತಿದ್ದವರು ಕಲಿಯುವ ಹುಡುಗರು. ಎದುರಿಗೆ ಹತ್ತು ಜನ ಇರುತ್ತಿರಲಿಲ್ಲ.

‘ಆ ಎಡಗಡೆ ಮಾಣಿ ಹೆಜ್ಜೆ ನೋಡು. ಇನ್ನು ಹತ್ತು ವರ್ಷ ಬಿಟ್ಟರೆ ಇವನೇ ಕೌರವ ಮಾಡ್ತ’ ಎನ್ನುತ್ತಿದ್ದ. ಮರುದಿನ ಅಡಿಕೆ ಸುಲಿಯುವಾಗ ಬಂದವರಿಗೆಲ್ಲ ಆ ಹುಡುಗನ ಸುದ್ದಿ. ಅವನ ಮಾತು ಎಷ್ಟೋ ಸಲ ಸುಳ್ಳಾಗುತ್ತಿತ್ತು. ಆ ಹುಡುಗ ಮೇಳ ಬಿಟ್ಟು ಮುಂಬೈಯ ಹೋಟೆಲಿಗೆ ಹೋಗಿರುತ್ತಿದ್ದ. ಅಜ್ಜ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮುಂದಿನ ಆಟಕ್ಕೆ ಮತ್ತೆ ಬೇಗ ಹೋಗುತ್ತಿದ್ದ.

ಹೊಸ ಬ್ಯಾಂಡು ಹುಡುಕಲು ನಾನು ಮಾಡುವುದೂ ಅದನ್ನೇ, ಬೇಗ ಹೋಗುವುದು. ಸಂಗೀತ ಹಬ್ಬದ ಪೋಸ್ಟರ್ ಬಂದರೆ ಮೇಲಿನ ದೊಡ್ಡ ಅಕ್ಷರ ಬಿಟ್ಟು ಕೆಳಗಿನ ಸಣ್ಣ ಅಕ್ಷರ ಮೊದಲು ಓದುತ್ತೇನೆ. ಅರುಣಾಚಲದ ಝಿರೋ ಕಣಿವೆಯಲ್ಲಿ 2012ರಿಂದ ಒಂದು ಸಂಗೀತ ಹಬ್ಬ ನಡೆಯುತ್ತಿದೆ. ನಾನು ಅಲ್ಲಿಗೆ ಹೋದವನಲ್ಲ. ಆದರೆ ಅದರ ಪಟ್ಟಿಯ ಕೊನೆಯ ಸಾಲುಗಳಲ್ಲಿ ನನಗೆ ಸಿಕ್ಕ ಹಾಡುಗಳಿಗೆ ಲೆಕ್ಕವಿಲ್ಲ. ಒಂದು ಹಾಡು ಹಿಡಿಸಿದರೆ ಹಾಡಿದವರ ಹೆಸರಿಗೆ ನಿಲ್ಲುವುದಿಲ್ಲ. ಡ್ರಮ್ಸ್ ಯಾರು, ರೆಕಾರ್ಡ್ ಮಾಡಿದವರು ಯಾರು, ಮಿಕ್ಸಿಂಗ್ ಯಾರದ್ದು ಎಂದು ಕೆಳಗಿನ ವಿವರ ಓದುತ್ತೇನೆ. ಒಳ್ಳೆಯ ಡ್ರಮ್ಮರ್ ಒಬ್ಬ ಮೂರು ಬ್ಯಾಂಡಿನಲ್ಲಿ ನುಡಿಸುತ್ತಿರುತ್ತಾನೆ. ಅವನ ಬೆನ್ನು ಹಿಡಿದರೆ ಮೂರು ಮನೆ ಸಿಗುತ್ತದೆ.

ಸ್ವರಾತ್ಮ ಬ್ಯಾಂಡು ನನಗೆ ಸಿಕ್ಕಿದ್ದು ಹೀಗೆ ಬೆನ್ನು ಹಿಡಿದೇ. ಅದರ ಹಾಡುಗಾರ ವಾಸು ದೀಕ್ಷಿತ್, ರಘು ದೀಕ್ಷಿತರ ತಮ್ಮ. ಅಣ್ಣನ ಹೆಸರಿನಿಂದ ತಮ್ಮನ ಹಾಡಿಗೆ ಹೋದೆ. ಅವರ ಮೊದಲ ಆಲ್ಬಂ 2009ರದು. ಆಗಿನ ಕಾರ್ಯಕ್ರಮಗಳಲ್ಲಿ ವಾಸು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆಗೆ ಬರುತ್ತಿದ್ದರು. ವಿಡಿಯೋದಲ್ಲಿ ಅದನ್ನು ನೋಡಿದ ನನ್ನ ಆಯಿ, ‘ಇದು ನಮ್ಮ ತೇರಿನಲ್ಲಿ ಬರೂದಲ್ವಾ?’ ಎಂದು ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದಳು. ರಾಕ್ ಎಂಬ ಶಬ್ದ ಕೇಳಿದ್ದರೆ ಬರುತ್ತಿರಲಿಲ್ಲ. ಕುದುರೆ ಕರೆದದ್ದಕ್ಕೆ ಬಂದಳು, ಹಾಡು ಮುಗಿಯುವ ತನಕ ನಿಂತಳು.

ಯಾವ ಹಾಡಿಗೆ ಯಾವ ಬಾಗಿಲು ಎಂಬುದನ್ನು ನನಗೆ ಕಲಿಸಿದ್ದು ಆ ಕುದುರೆ.

ಹಾಡು ಕೇಳುವ ಆ್ಯಪ್ ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅದು ಪ್ರತಿ ಸೋಮವಾರ 30 ಹಾಡಿನ ಪಟ್ಟಿ ಕೊಡುತ್ತದೆ, ನಾನು ಕೇಳಿದ್ದನ್ನೂ, ನನ್ನಂಥವರು ಕೇಳಿದ್ದನ್ನೂ ನೋಡಿ. ನಾನು ಅದನ್ನು ಬಳಸುತ್ತೇನೆ. ಅದರಿಂದ ಒಳ್ಳೊಳ್ಳೆಯ ಹಾಡು ಸಿಕ್ಕಿದೆ. ಆದರೆ ಅದರ ದಾರಿ ಒಂದೇ: ಇದನ್ನು ಕೇಳಿದೆಯಲ್ಲ, ಇದರಂಥದ್ದೇ ಇನ್ನೊಂದು ತಗೋ. ತಾಂಡೇಲರ ಕಾರ್ಡಿನಲ್ಲಿ ಇದ್ದದ್ದು ರಾಜ್‌ಕುಮಾರ್ ಮತ್ತು ಕೊಂಕಣಿ ಹಾಡು. ಅದನ್ನು ನೋಡಿ ಯಾವ ಯಂತ್ರವೂ ಗಿಟಾರಿನ ಶರೀಫರನ್ನು ಕೊಡುತ್ತಿರಲಿಲ್ಲ. ರಾತ್ರಿ ಚುಕ್ಕಾಣಿ ಹಿಡಿದು ಒಬ್ಬರೇ ಕೂತವರಿಗೆ ಸೋರುವ ಮನೆಯ ಪದ ಬೇಕು ಎಂದು ನನಗೂ ಗೊತ್ತಿರಲಿಲ್ಲ, ನಿಜ. ನಾನು ಎಲ್ಲರಿಗೂ ಹಾಕಿದ್ದೆ, ಅವರೊಬ್ಬರಿಗೆ ತಾಗಿತು. ಮೊದಲೇ ತಿಳಿದು ಹಾಕುವುದನ್ನು ಕಲಿಯಲು ನನಗೆ ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಕಲಿಯುವ ಮೊದಲು ದೊಡ್ಡ ತಪ್ಪೊಂದನ್ನು ಮಾಡಿದೆ. 2020ರ ಲಾಕ್‌ಡೌನ್ ಹೊತ್ತು. ಎಲ್ಲರೂ ಮನೆಯಲ್ಲಿದ್ದಾರೆ, ಕೇಳಲು ಸಮಯ ಇದೆ ಎಂದುಕೊಂಡು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದೇ ದಿನ 25 ಲಿಂಕ್ ಹಾಕಿದೆ. ಬೆಂಗಳೂರಿನದು, ಕೇರಳದ್ದು, ಶಿಲ್ಲಾಂಗಿನದು, ಎಲ್ಲ. ಒಬ್ಬರೂ ಒಂದೂ ಕೇಳಲಿಲ್ಲ. ಮೂರು ಜನ ಕೈ ಮುಗಿಯುವ ಚಿತ್ರ ಹಾಕಿದರು. ನನಗೆ ತುಂಬಾ ನೋವಾಯಿತು. ವಾರಗಟ್ಟಲೆ ಹುಡುಕಿದ್ದೆ ಅಲ್ವಾ? ಆಮೇಲೆ ಯೋಚಿಸಿದೆ. 25 ಲಿಂಕ್ ಕಳಿಸಿದಾಗ ನಾನು ಯಾರನ್ನೂ ನೆನಪು ಮಾಡಿಕೊಂಡಿರಲಿಲ್ಲ. ಅತ್ತೆಗೆ ಯಾವುದು, ಭಾವನಿಗೆ ಯಾವುದು ಎಂದು ನೋಡಿರಲಿಲ್ಲ. ಎಲೆ ಹಾಕದೆ ಬಡಿಸಿದ ಹಾಗೆ.

ಅಲ್ಲಿಂದ ಈಚೆ ಒಬ್ಬರಿಗೆ ಒಂದೇ ಹಾಡು. ಗುಂಪಿಗೆ ಹಾಕುವುದಿಲ್ಲ. ಆ ಒಬ್ಬರಿಗೇ ಕಳಿಸುತ್ತೇನೆ. ಜೊತೆಗೆ ಒಂದು ವಾಕ್ಯ, ಯಾಕೆ ಅವರಿಗೇ ಕಳಿಸಿದೆ ಎಂದು. ಹಾಡು ನಿಧಾನವಾಗಿ ತೆರೆಯುವಂಥದ್ದಾದರೆ ‘ಎರಡನೇ ನಿಮಿಷದ ತನಕ ತಾಳಿ’ ಎಂದು ಬರೆಯುತ್ತೇನೆ. ಕೇಳಿದಿರಾ ಎಂದು ತಿರುಗಿ ಕೇಳುವುದಿಲ್ಲ. ಇದು ಕಷ್ಟ, ಆದರೆ ಕೇಳಬಾರದು.

ನನ್ನ ದೊಡ್ಡಪ್ಪ ತಾಳಮದ್ದಳೆಯ ಮನುಷ್ಯ. ಪದ್ಯ ಶುರುವಾದರೆ ತೊಡೆಯ ಮೇಲೆ ಬೆರಳು ತಾನಾಗಿ ಆಡುತ್ತದೆ. ಅವರಿಗೆ ಅಗಮ್ ಬ್ಯಾಂಡಿನ ಒಂದು ಹಾಡು ಕಳಿಸಿದೆ. ಬೆಂಗಳೂರಿನಲ್ಲಿ 2003ರಲ್ಲಿ ಶುರುವಾದ ಬ್ಯಾಂಡು ಅದು, ತ್ಯಾಗರಾಜರ ಕೃತಿಗಳನ್ನು ಎಲೆಕ್ಟ್ರಿಕ್ ಗಿಟಾರು, ಡ್ರಮ್ಸ್ ಜೊತೆ ಹಾಡುತ್ತಾರೆ. ‘ತಾಳ ಎಲ್ಲಿ ತಿರುಗುತ್ತದೆ ನೋಡಿ ದೊಡ್ಡಪ್ಪ’ ಎಂದು ಬರೆದೆ. ಹತ್ತು ದಿನ ಬಿಟ್ಟು ಮದುವೆ ಮನೆಯಲ್ಲಿ ಸಿಕ್ಕಾಗ ಅವರೇ ಮಾತು ತೆಗೆದರು. ‘ಹಾಡಿದ್ದು ಅಲ್ಲಿರಲಿ, ಆ ಬಾರಿಸುವವನ ಕೈ ಚೊಲೋ ಇದ್ದು. ಮದ್ದಳೆ ಕೊಟ್ಟರೂ ನುಡಿಸ್ತ ಅವ’ ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಪರ್ವಾಜ್ ಎಂಬ ಬ್ಯಾಂಡನ್ನು ನಾನು ಯಾರಿಗೂ ಕಳಿಸದೆ ಬಹಳ ದಿನ ಇಟ್ಟುಕೊಂಡಿದ್ದೆ. ಬೆಂಗಳೂರಿನ ಬ್ಯಾಂಡೇ, ಆದರೆ ಕಾಶ್ಮೀರದಿಂದ ಬಂದ ಗೆಳೆಯರು ಶುರು ಮಾಡಿದ್ದು. ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುತ್ತಾರೆ. ಹಾಡುಗಳು ಉದ್ದ, ಅವಸರವೇ ಇಲ್ಲ. ಒಂದು ಅಕ್ಷರ ನನಗೆ ಅರ್ಥವಾಗುವುದಿಲ್ಲ. ಆದರೂ ಯಾರೋ ದೂರದಿಂದ ಊರಿನ ಕಡೆ ನೋಡುತ್ತಿರುವಂತೆ ಕೇಳುತ್ತದೆ. ಕೊನೆಗೆ ಅದನ್ನು ಕಳಿಸಿದ್ದು ಒಬ್ಬ ಸಹೋದ್ಯೋಗಿಗೆ. ಅವರ ಮಗ ಓದಲು ಹೊರದೇಶಕ್ಕೆ ಹೋದ ವಾರ ಅದು. ಅವರು ಏನೂ ಹೇಳಲಿಲ್ಲ. ಆದರೆ ಆಮೇಲೆ ಅವರ ಕಾರಿನಲ್ಲಿ ಎರಡು ಮೂರು ಸಲ ಅದೇ ಹಾಡು ಕೇಳಿದೆ.

ಈಗ ದುಡ್ಡಿನ ವಿಷಯ. ಇದನ್ನು ಹೇಳದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಅಂಗಡಿಯಲ್ಲಿ ನಾವು ತುಂಬಿಸಿದ ಯಾವ ಹಾಡಿಗೂ ದುಡ್ಡು ಕೊಟ್ಟಿರಲಿಲ್ಲ. ಕಾರ್ಡಿಗೆ 30 ರೂಪಾಯಿ, 50 ರೂಪಾಯಿ ನಾವು ತೆಗೆದುಕೊಂಡೆವು. ಹಾಡಿದವರಿಗೆ ಒಂದು ಪೈಸೆ ಹೋಗಲಿಲ್ಲ. ಸಿನಿಮಾ ಕಂಪನಿಗಳದ್ದು ಬೇರೆ ಮಾತು ಎಂದು ಆಗ ಅಂದುಕೊಳ್ಳುತ್ತಿದ್ದೆ. ಆದರೆ ಸ್ವಂತ ಕೈಯಿಂದ ದುಡ್ಡು ಹಾಕಿ ಹಾಡು ಮಾಡಿದವರದ್ದನ್ನೂ ಹಾಗೇ ಹಂಚಿದೆ. ತಾಂಡೇಲರಿಗೆ ಪುಕ್ಕಟೆ ಹಾಕಿಕೊಟ್ಟೆ ಎಂದು ಹೆಮ್ಮೆಪಟ್ಟೆನಲ್ಲ, ಆ ಹಾಡು ನನ್ನದಾಗಿರಲಿಲ್ಲ.

ಅದಕ್ಕೇ ಈಗ ಹಿಡಿಸಿದ ಹಾಡನ್ನು ಕೊಳ್ಳುತ್ತೇನೆ. ಬ್ಯಾಂಡ್‌ಕ್ಯಾಂಪ್ ಎಂಬ ತಾಣ 2008ರಿಂದ ಇದೆ. ಅಲ್ಲಿ ಬೆಲೆ ಇಡುವುದು ಬ್ಯಾಂಡಿನವರೇ. ಬೇಕಾದರೆ ನಾವು ಜಾಸ್ತಿಯೂ ಕೊಡಬಹುದು. ಡಿಜಿಟಲ್ ಹಾಡಿನ ಮಾರಾಟದಲ್ಲಿ ತಾಣದ ಪಾಲು ಸಾಮಾನ್ಯವಾಗಿ ಶೇಕಡಾ 15. ಪಾವತಿಯ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ ಹೋಗುತ್ತದೆ. 2020ರ ಮಾರ್ಚಿನಲ್ಲಿ, ಕಾರ್ಯಕ್ರಮ ಎಲ್ಲ ನಿಂತುಹೋದಾಗ, ಕೆಲವು ಶುಕ್ರವಾರ ತಮ್ಮ ಪಾಲನ್ನೂ ಬಿಟ್ಟುಕೊಡುವ ಪದ್ಧತಿ ಶುರು ಮಾಡಿದರು. ನಮ್ಮ ಕಾರ್ಡಿನಲ್ಲಿ ಹೊರದೇಶದ ವ್ಯವಹಾರ ಆನ್ ಮಾಡಿಕೊಳ್ಳಬೇಕು. ಅದೊಂದು ಸ್ವಲ್ಪ ತಲೆಬಿಸಿ, ಅಷ್ಟೇ.

ಸುಮ್ನೆ ಕೇಳಿದರೂ ದುಡ್ಡು ಹೋಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಹೋಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮ ಇದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಧನ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕೆಂದರೆ 1,000 ಚಂದಾದಾರರು, ಜೊತೆಗೆ ವರ್ಷದಲ್ಲಿ 4,000 ಗಂಟೆ ನೋಡಿದ ಲೆಕ್ಕ ಅಥವಾ ಶಾರ್ಟ್ಸ್‌ನಲ್ಲಿ ಅದಕ್ಕೆ ಸಮನಾದ ದೊಡ್ಡ ಸಂಖ್ಯೆ ಬೇಕು. ದೊಡ್ಡ ಊರಿನ ಬ್ಯಾಂಡಿಗೆ ಇದು ಏನೂ ಅಲ್ಲ. ಯಲ್ಲಾಪುರದ ಹುಡುಗಿಯೊಬ್ಬಳು ತಾನೇ ಬರೆದು ಹಾಡಿದ ಹಾಡಿಗೆ 1,000 ಎಂಬುದು ಬೆಟ್ಟ. ನೀವು ಅವಳ ಹಾಡನ್ನು ಹತ್ತು ಜನರಿಗೆ ಸರಿಯಾಗಿ ತಲುಪಿಸಿದರೆ, ಆ ಹತ್ತು ಜನ ವರ್ಷದಲ್ಲಿ ಹತ್ತು ಹತ್ತು ಸಲ ಕೇಳಿದರೆ, ನೂರಾಯಿತು. ಇದು ನಾನು ಕಾಗದದ ಮೇಲೆ ಕೂಡಿ ಕಳೆದು ನೋಡಿದ ಲೆಕ್ಕ.

ಈ ಮಾತು ಬಂದಾಗ ನನಗೆ ಪಕ್ಕದ ಗೋವಾದ ರೆಮೋ ಫರ್ನಾಂಡಿಸ್ ನೆನಪಾಗುತ್ತಾರೆ. 1984ರಲ್ಲಿ ಅವರು ಸಿಯೋಲಿಮ್‌ನ ತಮ್ಮ ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಸಣ್ಣ ಯಂತ್ರ ಇಟ್ಟುಕೊಂಡು, ವಾದ್ಯ ಎಲ್ಲ ತಾವೇ ನುಡಿಸಿ ಒಂದು ಕ್ಯಾಸೆಟ್ ಮಾಡಿದರು. ಸ್ಕೂಟರಿನಲ್ಲಿ ಕ್ಯಾಸೆಟ್ ಹೇರಿಕೊಂಡು ಅಂಗಡಿ ಅಂಗಡಿಗೆ ತಾವೇ ಹೋಗಿ ಕೊಟ್ಟುಬಂದರು. ಕಂಪನಿ ಬಂದದ್ದು ಆಮೇಲೆ. ಕಾರವಾರದ ನನ್ನ ಗೆಳತಿಯ ಮನೆಯ ಕಪಾಟಿನಲ್ಲಿ ಅವರ ಹಳೆಯ ಕ್ಯಾಸೆಟ್ ಒಂದು ಈಗಲೂ ಇದೆ. ಅವಳ ತಂದೆ ಕೆಲಸಕ್ಕೆಂದು ಮಡಗಾಂವಿಗೆ ಹೋದಾಗ ಕೊಂಡು ತಂದದ್ದಂತೆ. ಅದನ್ನು ಹಾಕಲು ಟೇಪ್ ರೆಕಾರ್ಡರ್ ಇಲ್ಲ. ಆದರೂ ಬಿಸಾಡಿಲ್ಲ.

ಶಿರಸಿಯಲ್ಲೂ ಹಾಗೆ ಒಂದು ಸ್ಕೂಟರು ಓಡುತ್ತಿದೆ ಎಂದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ. ನಾಲ್ಕು ಜನ ಹುಡುಗರು. ಒಬ್ಬ ಬ್ಯಾಂಕಿನಲ್ಲಿ, ಒಬ್ಬ ಅಡಿಕೆ ವ್ಯಾಪಾರದಲ್ಲಿ, ಇಬ್ಬರು ಇನ್ನೂ ಓದುತ್ತಿದ್ದಾರೆ. ಒಂದು ಮನೆಯ ಅಟ್ಟದಲ್ಲಿ ಸೇರುತ್ತಾರೆ. ಗೋಡೆಗೆ ಕಂಬಳಿ, ಹಳೆಯ ಹಾಸಿಗೆ ನೇತು ಹಾಕಿದ್ದಾರೆ, ಧ್ವನಿ ಮಾರ್ದನಿಸದಿರಲಿ ಎಂದು. ಒಂದು ಲ್ಯಾಪ್‌ಟಾಪು, ಎರಡು ಮೈಕ್ ಸಿಕ್ಕಿಸುವ ಒಂದು ಪೆಟ್ಟಿಗೆ. ಅದರಲ್ಲೇ ಮೊದಲು ತಾಳ, ಆಮೇಲೆ ಗಿಟಾರು, ಕೊನೆಗೆ ಧ್ವನಿ ಎಂದು ಒಂದೊಂದಾಗಿ ರೆಕಾರ್ಡ್ ಮಾಡುತ್ತಾರೆ. ಜೂನ್ ಬಂದರೆ ಕೆಲಸ ನಿಲ್ಲುತ್ತದೆ. ಮಾಡಿನ ಮೇಲೆ ತಗಡು ಹೊದೆಸಿದೆ. ಮಳೆ ಹೊಡೆದರೆ ಮೈಕಿಗೆ ಅದೊಂದೇ ಕೇಳುತ್ತದೆ. ಹಾಗಾಗಿ ಮಳೆಗಾಲ ಬರೆಯುವುದಕ್ಕೆ, ದೀಪಾವಳಿ ಕಳೆದ ಮೇಲೆ ಹಾಡುವುದಕ್ಕೆ.

ಅವರ ಹತ್ತಿರ ಗುಮಟೆ ಇದೆ. ಮಣ್ಣಿನ ಮಡಕೆಯ ವಾದ್ಯ. ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಖಾಲಿ. ಖಾಲಿ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ಮಾಡಿದರೆ ಧ್ವನಿ ಒಳಗಿನಿಂದ ಗುಂಯ್ ಎಂದು ಏಳುತ್ತದೆ. ಮೊದಲು ಉಡದ ಚರ್ಮ ಹಾಕುತ್ತಿದ್ದರು. ಈಗ ಉಡಕ್ಕೆ ಕಾನೂನಿನ ರಕ್ಷಣೆ ಇದೆ, ಇವರದ್ದು ಆಡಿನ ಚರ್ಮ. ಬೇಸ್ ಗಿಟಾರು ನುಡಿಸಬೇಕಾದ ಜಾಗವನ್ನು ಇವರ ಹಾಡಿನಲ್ಲಿ ಗುಮಟೆ ತುಂಬುತ್ತದೆ. ಮೊದಲ ಸಲ ಕೇಳಿದಾಗ ನಾನು ಅಟ್ಟದ ಏಣಿಯ ಮೇಲೇ ನಿಂತುಬಿಟ್ಟೆ. ಸುಗ್ಗಿಯ ಸಮಯದಲ್ಲಿ ಅಂಕೋಲಾದ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಕೇಳಿದ ಸದ್ದು, ಇಲ್ಲಿ ಬೇರೆ ಊಟದ ಎಲೆಯಲ್ಲಿ ಬಡಿಸಿದ ಹಾಗಿತ್ತು.

ಹಾಡನ್ನು ಆ್ಯಪ್‌ಗಳಿಗೆ ಕಳಿಸಲು ಒಂದು ಫಾರ್ಮ್ ತುಂಬಬೇಕು. ಅದರಲ್ಲಿ ‘ಬರೆದವರು ಯಾರು’ ಎಂಬ ಒಂದು ಸಾಲು. ಇವರ ಒಂದು ಹಾಡಿನ ಪಲ್ಲವಿ ಹಾಲಕ್ಕಿ ಹೆಂಗಸರು ಹಾಡುವ ಪದದ್ದು. ಬರೆದವರು ಯಾರೂ ಇಲ್ಲ, ಬಾಯಿಂದ ಬಾಯಿಗೆ ಬಂದದ್ದು. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಗೆ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹುಡುಗರು ಆ ಸಾಲಿನ ಮುಂದೆ ಎರಡು ದಿನ ಕೂತರು. ತಮ್ಮ ಹೆಸರು ಹಾಕಲು ಮನಸ್ಸಾಗಲಿಲ್ಲ. ಸಾಂಪ್ರದಾಯಿಕ ಎಂದು ಬರೆದರು. ಕೆಳಗಿನ ವಿವರದಲ್ಲಿ ಪದ ಕಲಿಸಿದ ಮೂವರು ಹೆಂಗಸರನ್ನು ಕೇಳಿ, ಒಪ್ಪಿಗೆ ಪಡೆದು, ಅವರ ಹೆಸರನ್ನೂ ಊರನ್ನೂ ಹಾಕಿದರು. ಮೊದಲ ಕಾರ್ಯಕ್ರಮದ ದುಡ್ಡಿನಲ್ಲಿ ಅವರಿಗೂ ಪಾಲು ಕೊಟ್ಟುಬಂದರು. ಹಾಡು ಹೇಗಿದೆ ಎಂದು ಕೇಳುವ ಮೊದಲೇ ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇದಕ್ಕೆ.

ಅದೇ ಹುಡುಗರನ್ನು ಒಂದು ಉತ್ಸವಕ್ಕೆ ಕರೆಸಲು ನಾನೇ ಓಡಾಡಿದ್ದೆ. ಯಾವ ಊರಿನದು ಎಂದು ಬರೆಯುವುದಿಲ್ಲ. 40 ನಿಮಿಷ ಎಂದಿದ್ದರು. ಅತಿಥಿಗಳು ಬರುವುದು ತಡವಾಯಿತು, ಭಾಷಣ ಉದ್ದವಾಯಿತು. ಕೊನೆಗೆ ‘ಎರಡು ಹಾಡು ಹೇಳಿ ಬೇಗ ಇಳಿಯಿರಿ’ ಎಂದರು. ಗುಮಟೆಗೆ ಮೈಕ್ ಕೊಡಲಿಲ್ಲ. ಎರಡನೇ ಹಾಡಿನ ನಡುವೆ ನಿರೂಪಕರು ಬಂದು ಮುಂದಿನ ಕಾರ್ಯಕ್ರಮದ ಹೆಸರು ಹೇಳಿದರು. ಹುಡುಗರು ಒಂದು ಮಾತಾಡದೆ ವಯರು ಸುತ್ತಿಕೊಂಡರು. ಕರೆದವನು ನಾನು. ವಾಪಸ್ ಬರುವಾಗ ವ್ಯಾನಿನಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಅಷ್ಟು ಜನರ ಮುಂದೆ ಹಾಡಿದರು, ಕೇಳಿದವರು ಯಾರೂ ಇರಲಿಲ್ಲ. ಅದರ ಮುಂದಿನ ತಿಂಗಳು ನಮ್ಮ ಮನೆಯ ಜಗಲಿಯಲ್ಲಿ ಹಾಡಿಸಿದೆ. ಬಂದದ್ದು 18 ಜನ. ಆಯಿ ತೊಡದೇವು, ಕಷಾಯ ಮಾಡಿದ್ದಳು. ಎಲ್ಲರೂ ಒಂದು ಡಬ್ಬಿಗೆ ಕೈಲಾದದ್ದು ಹಾಕಿದರು. ಹುಡುಗರು ಒಂದೂವರೆ ಗಂಟೆ ಹಾಡಿದರು. ದೊಡ್ಡಪ್ಪ ಗುಮಟೆಯವನ ಪಕ್ಕವೇ ಕುರ್ಚಿ ಎಳೆದುಕೊಂಡು ಕೂತಿದ್ದರು.

ಈಗ ಜೂನ್ ತಿಂಗಳು. ಬೋಟೆಲ್ಲ ದಡದಲ್ಲಿವೆ, ಜುಲೈ 31ರ ತನಕ ಯಾಂತ್ರಿಕ ಬೋಟಿನ ಮೀನುಗಾರಿಕೆ ಬಂದ್. ಮಾವನ ಅಂಗಡಿ ಈಗಲೂ ಇದೆ, ಹಾಡು ತುಂಬಿಸುವ ಕಂಪ್ಯೂಟರ್ ಇಲ್ಲ. ತಾಂಡೇಲರನ್ನು ನಾನು ಆಮೇಲೆ ನೋಡಲಿಲ್ಲ. ಅವರ ಹೆಸರನ್ನು ಆವತ್ತು ಕೇಳಿಕೊಳ್ಳದೆ ಇದ್ದದ್ದಕ್ಕೆ ಈಗಲೂ ಬೇಸರ ಇದೆ.

ಕಳೆದ ವಾರ ಶಿರಸಿಯ ಹುಡುಗರು ಹೊಸ ಹಾಡೊಂದನ್ನು ಕಳಿಸಿದ್ದಾರೆ, ಇನ್ನೂ ಮಿಕ್ಸಿಂಗ್ ಮುಗಿದಿಲ್ಲ. ಈ ಸಲ ಗುಮಟೆ ಇಲ್ಲ, ಪೂರ್ತಿ ಕೀಬೋರ್ಡು. ಎರಡು ಸಲ ಕೇಳಿದೆ. ನನಗೆ ಹಿಡಿಸಿಲ್ಲ. ಅವರಿಗೆ ಇನ್ನೂ ಏನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಕುಮಟಾಕ್ಕೆ ಹೋಗುವುದಿದೆ. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೋಗುತ್ತದೆ, ಅದಕ್ಕೇ ಹಾಡನ್ನು ಫೋನಿಗೆ ಇಳಿಸಿಕೊಂಡಿದ್ದೇನೆ. ಮೂರನೇ ಸಲ ಅಲ್ಲಿ ಕೇಳುತ್ತೇನೆ, ಮಳೆ ಬರುತ್ತಿರುವಾಗ.